ಒಂದೇ ಅಳತೆಯ ಎರಡು ಮನೆ, ಕಂದಾಯ ಮಾತ್ರ ಬೇರೆ ಬೇರೆ. ಯಾಕೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಅಪ್ಪ ಕಟ್ಟಿಸಿದ ಮನೆ. ಮೂವತ್ತು ನಲವತ್ತರ ಸೈಟು. ಮೊದಲು ನಾವಷ್ಟೇ ಇದ್ದೆವು. ಆಮೇಲೆ ಮೇಲೊಂದು ಮಹಡಿ ಏರಿಸಿ ಬಾಡಿಗೆಗೆ ಕೊಟ್ಟೆವು. ನಾಲ್ಕು ವರ್ಷದ ಹಿಂದೆ, ಕೆಳಗೆ ಕಾರು ನಿಲ್ಲಿಸುತ್ತಿದ್ದ ಜಾಗಕ್ಕೆ ಶಟರ್ ಹಾಕಿಸಿ ಒಬ್ಬ ಟೈಲರ್‌ಗೆ ಕೊಟ್ಟಿದ್ದೇವೆ. ಪ್ರತಿ ಏಪ್ರಿಲ್‌ನಲ್ಲಿ ಆನ್‌ಲೈನಿನಲ್ಲಿ ಎಷ್ಟು ತೋರಿಸುತ್ತದೋ ಅಷ್ಟು ಕಂದಾಯ ಕಟ್ಟುತ್ತಾ ಬಂದಿದ್ದೇವೆ. ರಸೀದಿಯಲ್ಲಿ ಇಡೀ ಮನೆ ‘ಸ್ವಂತ ವಾಸ’ ಅಂತಿದೆ. ಪಕ್ಕದ ಮನೆಯೂ ಇದೇ ಅಳತೆ, ಅಲ್ಲೂ ಕೆಳಗೊಂದು ಅಂಗಡಿ. ಅವರು ನಮ್ಮ ಎರಡರಷ್ಟು ಕಟ್ಟುತ್ತಾರಂತೆ. ಈಗ ನಮಗೆ ನೋಟಿಸು ಬಂದಿದೆ. ಮನೆ ಯಾವ ವರ್ಗಕ್ಕೆ ಸೇರಿದ್ದು ಅಂತ ತೀರ್ಮಾನ ಮಾಡುವವರು ಯಾರು? ಎರಡೂ ಮನೆಗೆ ಬೆಲೆ ಒಂದೇ ಆದ ಮೇಲೆ ತೆರಿಗೆ ಯಾಕೆ ಬೇರೆ?

ಉತ್ತರ:

ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯವರ ಲೆಕ್ಕ ಸರಿ ಇದೆ. ತಪ್ಪಿರುವುದು ನಿಮ್ಮದು.

ವರ್ಗ ತೀರ್ಮಾನ ಮಾಡಿದವರು ಯಾರು ಅಂತ ಕೇಳಿದ್ದೀರಿ. ನೀವೇ ಮಾಡಿದ್ದೀರಿ. ಪ್ರತಿ ಏಪ್ರಿಲ್‌ನಲ್ಲಿ ಒಂದು ಗುಂಡಿ ಒತ್ತಿ ಮಾಡಿದ್ದೀರಿ, ಗೊತ್ತಾಗಿಲ್ಲ ಅಷ್ಟೆ. ಬೆಂಗಳೂರಿನ ಆಸ್ತಿ ತೆರಿಗೆ ‘ಸ್ವಯಂ ಘೋಷಣೆ’ ಪದ್ಧತಿಯದ್ದು. ಅಂದರೆ ಅಳತೆ, ಬಳಕೆ, ಬಾಡಿಗೆಯೋ ಸ್ವಂತವೋ, ಕಟ್ಟಡದ ವಯಸ್ಸು, ಇಷ್ಟನ್ನೂ ಮಾಲೀಕರೇ ಬರೆದು, ತೆರಿಗೆಯನ್ನೂ ಅವರೇ ಲೆಕ್ಕ ಹಾಕಿ ಕಟ್ಟಬೇಕು. ಇದಕ್ಕೆ ಆರು ಫಾರಂಗಳಿವೆ. ಪಿಐಡಿ ನಂಬರ್ (ಆಸ್ತಿಗೆ ಪಾಲಿಕೆ ಕೊಟ್ಟ ಗುರುತಿನ ಸಂಖ್ಯೆ) ಇದ್ದವರಿಗೆ ಒಂದನೆಯದು. ಪಿಐಡಿ ಇಲ್ಲದೆ ಖಾತೆ ನಂಬರ್ ಮಾತ್ರ ಇದ್ದವರಿಗೆ ಎರಡನೆಯದು. ಎರಡೂ ಇಲ್ಲದವರಿಗೆ ಮೂರನೆಯದು. ತೆರಿಗೆ ವಿನಾಯಿತಿ ಇದ್ದು ಬರೀ ಸೇವಾ ಶುಲ್ಕ ಕಟ್ಟುವವರಿಗೆ ಆರನೆಯದು. ನಿಮ್ಮ ಕಥೆ ಇರುವುದು ಉಳಿದ ಎರಡರಲ್ಲಿ. ‘ಹೋದ ವರ್ಷದಿಂದ ಏನೂ ಬದಲಾಗಿಲ್ಲ’ ಅನ್ನುವವರಿಗೆ ಫಾರಂ 4. ‘ಬದಲಾಗಿದೆ’ ಅನ್ನುವವರಿಗೆ ಫಾರಂ 5.

ಆನ್‌ಲೈನಿನಲ್ಲಿ ಹಳೆ ಅರ್ಜಿ ನಂಬರ್ ಹಾಕಿದ ಕೂಡಲೇ ಹಳೆ ವಿವರವೇ ತೆರೆದುಕೊಳ್ಳುತ್ತದೆ. ಬದಲಾವಣೆ ಇದೆ ಅಂತ ನೀವು ಗುರುತು ಹಾಕದಿದ್ದರೆ ಅದು ಫಾರಂ 4. ಹಣ ಕಟ್ಟಿ, ರಸೀದಿ ಇಳಿಸಿಕೊಂಡು, ಒಂದು ಕೆಲಸ ಮುಗೀತಪ್ಪಾ ಅಂತ ಏಳುತ್ತೀರಿ. ಆದರೆ ಕಾನೂನಿನ ಕಣ್ಣಿಗೆ ನೀವು ಅಲ್ಲಿ ಬರೀ ಹಣ ಕಟ್ಟಿಲ್ಲ, ನನ್ನ ಮನೆಯಲ್ಲಿ ಏನೂ ಬದಲಾಗಿಲ್ಲ ಅಂತ ಸಹಿ ಮಾಡಿದ್ದೀರಿ. ಶಟರ್ ಹಾಕಿಸಿದ ವರ್ಷವೂ ಮಾಡಿದ್ದೀರಿ, ಅದರ ಮುಂದಿನ ವರ್ಷಗಳಲ್ಲೂ ಮಾಡಿದ್ದೀರಿ. ನನ್ನ ಹತ್ತಿರ ಬರುವ ಹತ್ತು ನೋಟಿಸಿನಲ್ಲಿ ಬಹುಪಾಲು ಇದೇ ಫಾರಂ 4ರ ಸಂತಾನ.

ಬದಲಾವಣೆ ಎಷ್ಟು ದುಬಾರಿ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ. 2008ರಿಂದ ಬೆಂಗಳೂರಿನಲ್ಲಿ ಇರುವುದು ಯೂನಿಟ್ ಏರಿಯಾ ಪದ್ಧತಿ. ಚದರ ಅಡಿಗೆ ತಿಂಗಳಿಗೆ ಇಷ್ಟು ಅಂತ ಒಂದು ದರ ಇರುತ್ತದೆ. ಅದನ್ನು ಅಳತೆಯಿಂದ ಗುಣಿಸಿ, 10 ತಿಂಗಳಿಂದ ಗುಣಿಸಬೇಕು. ವರ್ಷಕ್ಕೆ ಹನ್ನೆರಡಲ್ಲ, ಹತ್ತೇ. ಎರಡು ತಿಂಗಳು ಖಾಲಿ ಬಿತ್ತು, ರಿಪೇರಿಗೆ ಹೋಯ್ತು ಅಂತ ಬಿಟ್ಟುಕೊಟ್ಟ ಹಾಗೆ ಅಂತಿಟ್ಟುಕೊಳ್ಳಿ. ಬಂದ ಮೊತ್ತದಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು. ಉಳಿದದ್ದರಲ್ಲಿ ವಾಸದ ಭಾಗಕ್ಕೆ ಶೇ 20, ವಾಸೇತರ ಭಾಗಕ್ಕೆ ಶೇ 25 ತೆರಿಗೆ. ಆ ತೆರಿಗೆಯ ಮೇಲೆ ಮತ್ತೆ ಶೇ 24 ಸೆಸ್: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3. (2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಇದರ ಜೊತೆಗೇ ಬರುತ್ತಿದೆ. ಮನೆಗಳಿಗೆ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಂದ 400ರವರೆಗೆ. ಅದನ್ನು ಇಲ್ಲಿ ಬಿಡೋಣ.)

ದರಗಳು ನಿಮ್ಮ ಬೀದಿಯ ವಲಯ ನೋಡಿ ಬದಲಾಗುತ್ತವೆ. ಹಾಗಾಗಿ ಲೆಕ್ಕ ಸುಲಭವಾಗಲಿ ಅಂತ ನಾನೇ ದುಂಡು ಅಂಕಿ ಇಟ್ಟುಕೊಳ್ಳುತ್ತೇನೆ. ಸ್ವಂತ ವಾಸಕ್ಕೆ ಚದರ ಅಡಿಗೆ 2 ರೂಪಾಯಿ. ಬಾಡಿಗೆ ಮನೆಗೆ 4. ಬಾಡಿಗೆ ಅಂಗಡಿಗೆ 10. ಸವಕಳಿ ಶೇ 20. ನೀವಿರುವ ಮಹಡಿ 800 ಚದರ ಅಡಿ, ಬಾಡಿಗೆ ಮಹಡಿ 800, ಅಂಗಡಿ 300.

ನೀವಿರುವ ಮಹಡಿ: 800ನ್ನು 2ರಿಂದ, ಆಮೇಲೆ 10ರಿಂದ ಗುಣಿಸಿದರೆ 16,000. ಸವಕಳಿ ಹೋಗಿ 12,800. ಅದರ ಶೇ 20 ಅಂದರೆ 2,560 ರೂಪಾಯಿ. ಬಾಡಿಗೆ ಮಹಡಿಗೆ ದರ ಎರಡರಷ್ಟು, ತೆರಿಗೆಯೂ ಎರಡರಷ್ಟು, 5,120. ಇನ್ನು ಅಂಗಡಿ. 300ನ್ನು 10ರಿಂದ, ಮತ್ತೆ 10ರಿಂದ ಗುಣಿಸಿ, 30,000. ಸವಕಳಿ ಕಳೆದು 24,000. ಅದರ ಶೇ 25, ಅಂದರೆ 6,000 ರೂಪಾಯಿ. ಮೂರೂ ಸೇರಿ 13,680. ಸೆಸ್ ಸೇರಿದರೆ 16,963.

ಅದೇ ಮನೆಯನ್ನು ಪೂರ್ತಿ ‘ಸ್ವಂತ ವಾಸ’ ಅಂತ ತೋರಿಸಿದರೆ? ಎರಡು ಮಹಡಿಗೆ 2,560ರಂತೆ 5,120. ಕೆಳಗಿನ 300 ಚದರ ಅಡಿಗೆ 960. ಒಟ್ಟು 6,080, ಸೆಸ್ ಸೇರಿ 7,539. ಪಕ್ಕದ ಮನೆಯವರು ‘ಎರಡರಷ್ಟು’ ಕಟ್ಟುವ ಗುಟ್ಟು ಇಷ್ಟೇ.

ಆ 300 ಚದರ ಅಡಿಯನ್ನೇ ಒಂದು ಕ್ಷಣ ನೋಡಿ. ಗೋಡೆ ಅದೇ, ನೆಲ ಅದೇ, ಸೂರು ಅದೇ. ವಾಸ ಅಂದರೆ 960, ಅಂಗಡಿ ಅಂದರೆ 6,000. ಆರು ಪಟ್ಟು! ಒಂದು ಇಟ್ಟಿಗೆಯೂ ಜಾಸ್ತಿ ಆಗಿಲ್ಲ. ದರ ಬದಲಾಯಿತು, ಅದರ ಮೇಲೆ ಶೇಕಡಾವಾರೂ ಬದಲಾಯಿತು, ಎರಡೂ ಒಂದರ ಮೇಲೊಂದು ಕೂತವು. ಮನೆಯ ಬೆಲೆ ಒಂದೇ ಅಲ್ವಾ ಅಂತ ನೀವು ಕೇಳುತ್ತಿರುವುದು ಇದಕ್ಕೇ. ಈ ಪದ್ಧತಿಯಲ್ಲಿ ಮನೆಯನ್ನು ಇವತ್ತು ಮಾರಿದರೆ ಎಷ್ಟು ಬರುತ್ತದೆ ಅಂತ ಯಾರೂ ಕೇಳುವುದೇ ಇಲ್ಲ. ಎಲ್ಲಿದೆ, ಯಾವುದರಲ್ಲಿ ಕಟ್ಟಿದ್ದು, ಯಾತಕ್ಕೆ ಬಳಸುತ್ತೀರಿ, ಯಾರು ಇದ್ದಾರೆ, ಎಷ್ಟು ಹಳೆಯದು. ಇಷ್ಟೇ ಕೇಳುವುದು.

ಇದು ಅನ್ಯಾಯ, ಎಲ್ಲರಿಗೂ ಅಡಿಗೆ ಇಷ್ಟು ಅಂತ ಒಂದೇ ದರ ಇಟ್ಟರೆ ಆಗುವುದಿಲ್ಲವೇ ಅಂತ ಬಹಳ ಜನ ಕೇಳುತ್ತಾರೆ. ಹಾಗೆ ಮಾಡಿ ಕೈ ಸುಟ್ಟುಕೊಂಡ ರಾಜ್ಯ ಪಕ್ಕದಲ್ಲೇ ಇದೆ. ಕೇರಳದಲ್ಲಿ, ತಿರುವಾಂಕೂರು-ಕೊಚ್ಚಿ ಕಾಲದ ಒಂದು ಭೂ ತೆರಿಗೆ ಕಾಯ್ದೆ ಇತ್ತು. ಗದ್ದೆಯೋ ತೋಟವೋ ಬಂಡೆಯೋ, ಎಕರೆಗೆ ಎರಡು ರೂಪಾಯಿ. ಒಬ್ಬ ಕಾಡಿನ ಒಡೆಯರಿಗೆ ಆ ಕಾಡಿನಿಂದ ವರ್ಷಕ್ಕೆ ಬರುತ್ತಿದ್ದುದು ಮೂರು ಸಾವಿರ ಚಿಲ್ಲರೆ. ತೆರಿಗೆ ಬಂದದ್ದು ಐವತ್ತು ಸಾವಿರದ ಮೇಲೆ! ಅವರು ಸುಪ್ರೀಂ ಕೋರ್ಟಿಗೆ ಹೋದರು. ಅರವತ್ತರ ದಶಕದ ಶುರುವಿನಲ್ಲಿ ಆ ಕಾಯ್ದೆ ಬಿದ್ದುಹೋಯಿತು. ಅಸಮಾನರನ್ನು ಒಂದೇ ತಕ್ಕಡಿಯಲ್ಲಿ ತೂಗುವುದೂ ಸಂವಿಧಾನದ 14ನೇ ವಿಧಿಗೆ ವಿರುದ್ಧ ಅನ್ನುವುದು ತೀರ್ಪಿನ ತಿರುಳು. ಅದೇ ಕೇರಳ 1961ರಲ್ಲಿ ಕಟ್ಟಡ ತೆರಿಗೆ ಕಾಯ್ದೆ ತಂದಿತು. ಈ ಸಲ ಬರೀ ಕಟ್ಟಡದ ಮಹಡಿಗಳ ಅಳತೆ ನೋಡಿ ತೆರಿಗೆ. ಪೇಟೆಯ ನಡುವಿನ ಕಟ್ಟಡವೋ ಹಳ್ಳಿ ಮೂಲೆಯ ಗೋದಾಮೋ, ಬಳಕೆ ಏನು, ಕಟ್ಟಿದ್ದು ಹೇಗೆ, ಯಾವುದನ್ನೂ ನೋಡಲಿಲ್ಲ. 1968ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಹೊಡೆದುಹಾಕಿತು.

ಹಾಗಾಗಿ ವರ್ಗೀಕರಣ ಅನ್ನುವುದು ಪಾಲಿಕೆ ತನ್ನ ಖುಷಿಗೆ ಮಾಡಿದ್ದಲ್ಲ. ಮಾಡದಿದ್ದರೆ ಕಾಯ್ದೆಯೇ ನಿಲ್ಲುವುದಿಲ್ಲ. ಭೂಮಿ ಮತ್ತು ಕಟ್ಟಡದ ಮೇಲಿನ ತೆರಿಗೆ ಸಂವಿಧಾನದ ರಾಜ್ಯ ಪಟ್ಟಿಯ 49ನೇ ನಮೂದು. ಅಂದರೆ ಕಾಯ್ದೆ ಮಾಡುವುದು ರಾಜ್ಯ, ವಸೂಲಿ ಮಾಡುವುದು ಪಾಲಿಕೆ. ಹೇಗೆ ವರ್ಗ ಮಾಡಬೇಕು ಅನ್ನುವುದರಲ್ಲಿ ಕೋರ್ಟುಗಳು ರಾಜ್ಯಕ್ಕೆ ಬಹಳ ಸಡಿಲು ಕೊಟ್ಟಿವೆ. ನಿಮಗಿದು ಕೆಲಸಕ್ಕೆ ಬರುವ ಮಾತು. ‘ಅಂಗಡಿಗೆ ಯಾಕೆ ಜಾಸ್ತಿ ದರ’ ಅಂತ ವಾದಿಸಿದರೆ ಗೆಲ್ಲುವುದಿಲ್ಲ. ‘ನನ್ನದು ಅಂಗಡಿಯೇ ಅಲ್ಲ’ ಅಂತಲೋ, ‘ಅಂಗಡಿ ಇರುವುದು 300 ಅಡಿ, ನೀವು 800 ಹಾಕಿದ್ದೀರಿ’ ಅಂತಲೋ ವಾದಿಸಿದರೆ ದಾರಿ ಇದೆ.

ಮೊದಲು ಹೀಗಿರಲಿಲ್ಲ. ನಿಮ್ಮ ಅಪ್ಪನ ಕಾಲದಲ್ಲಿ ಇದ್ದದ್ದು ವಾರ್ಷಿಕ ಬಾಡಿಗೆ ಮೌಲ್ಯದ ಲೆಕ್ಕ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಎಷ್ಟು ಬರಬಹುದು ಅಂತ ಅಧಿಕಾರಿ ಅಂದಾಜು ಮಾಡುತ್ತಿದ್ದರು. ಅಂದಾಜು ಅಂದ ಮೇಲೆ ಗೊತ್ತಲ್ಲ. ಬಂದವರಿಗೆ ಕಾಫಿ ಚೆನ್ನಾಗಿದ್ದರೆ ಒಂದು ಅಂಕಿ, ಇಲ್ಲದಿದ್ದರೆ ಇನ್ನೊಂದು. ಅದರ ಮೇಲೆ ಬಾಡಿಗೆ ನಿಯಂತ್ರಣ ಕಾಯ್ದೆಯ ತೊಡಕು ಬೇರೆ. ದೆಹಲಿಯ ಒಂದು ಪ್ರಕರಣದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಮಾಲೀಕರಿಗೆ ನಿಜವಾಗಿ ಎಷ್ಟೇ ಬಾಡಿಗೆ ಬರಲಿ, ತೆರಿಗೆಯ ಲೆಕ್ಕ ಬಾಡಿಗೆ ಕಾಯ್ದೆಯ ‘ಸ್ಟ್ಯಾಂಡರ್ಡ್ ರೆಂಟ್’, ಅಂದರೆ ಆ ಕಾಯ್ದೆ ಗೊತ್ತು ಮಾಡಿದ ಮಿತಿ ಬಾಡಿಗೆ, ಮೀರುವಂತಿಲ್ಲ. ದೇಶದ ಎಷ್ಟೋ ಊರುಗಳಲ್ಲಿ ತೆರಿಗೆ ಹಳೆ ಬಾಡಿಗೆಯಲ್ಲೇ ಹೂತುಹೋಯಿತು. ಹೊಸ ಮನೆಗೆ ಬರೆ, ಹಳೆ ಬಂಗಲೆಗೆ ಚಿಲ್ಲರೆ ಕಾಸು.

ಇದರಿಂದ ಹೊರಗೆ ಬರುವ ದಾರಿ ತೋರಿಸಿದ್ದು ಪಟ್ನಾ. ಹೌದು, ಬಿಹಾರದ ಪಟ್ನಾ! 1993ರಲ್ಲಿ ಅಲ್ಲಿ ಹೊಸ ನಿಯಮ ತಂದರು. ರಸ್ತೆ ಯಾವುದು, ಬಳಕೆ ಏನು, ಕಟ್ಟಡ ಎಂಥದು ಅಂತ ಮೂರು ನೋಡಿ ಅಡಿ ಲೆಕ್ಕದಲ್ಲಿ ದರ. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಘೋಷಣೆ ಬಂತು, 2008ರಲ್ಲಿ ಈಗಿನ ಯೂನಿಟ್ ಏರಿಯಾ. ಕಾಫಿ ಲೆಕ್ಕ ತಪ್ಪಿತು, ಅದು ದೊಡ್ಡ ಲಾಭ. ಆದರೆ ತಪ್ಪಿನ ಹೊಣೆ ಅಧಿಕಾರಿಯ ಹೆಗಲಿಂದ ಇಳಿದು ಸದ್ದಿಲ್ಲದೆ ನಮ್ಮ ಹೆಗಲೇರಿತು. ಅದನ್ನು ಯಾರೂ ಡಂಗುರ ಸಾರಿ ಹೇಳಲಿಲ್ಲ.

ನನ್ನದೇ ಎಡವಟ್ಟು ಕೇಳಿ. 2008ರಲ್ಲಿ ಮೊದಲ ಸಲ ಫಾರಂ ಬಂದಾಗ, ಊರಿಗೆಲ್ಲ ಬುದ್ಧಿ ಹೇಳುವ ನಾನು ನಮ್ಮ ಮನೆಯನ್ನು ಒಳಗಿನಿಂದ ಟೇಪು ಹಿಡಿದು ಅಳೆದೆ. ಗೋಡೆಯಿಂದ ಗೋಡೆಗೆ. ಬೇಕಾದದ್ದು ಕಟ್ಟಡದ ಹೊರ ಅಳತೆ. ಗೋಡೆಯ ದಪ್ಪ, ಮೆಟ್ಟಿಲು ಎಲ್ಲ ಸೇರಬೇಕು. ಒಂಬತ್ತು ಇಂಚಿನ ಗೋಡೆಗಳು ಸುಮ್ನೆ ಇರುತ್ತವೆಯೇ? ಪ್ರತಿ ಮಹಡಿಗೂ ಒಂದು ಸಣ್ಣ ಕೋಣೆಯಷ್ಟು ಜಾಗ ತಿಂದುಬಿಟ್ಟಿದ್ದವು. ಎರಡು ವರ್ಷದ ಮೇಲೆ ನನಗೇ ಹೊಳೆದು ವ್ಯತ್ಯಾಸ ಕಟ್ಟಿ ಬಂದೆ. ಹೆಂಡತಿ ಇವತ್ತಿಗೂ ಬಿಟ್ಟಿಲ್ಲ.

ವಲಯದ ವಿಷಯವನ್ನೂ ಹೇಳಬೇಕು. ಯಾಕೆಂದರೆ ನೋಟಿಸಿನಲ್ಲಿ ಅದೂ ಇರಬಹುದು. ನೋಂದಣಿ ಇಲಾಖೆ ಪ್ರಕಟಿಸುವ ಮಾರ್ಗಸೂಚಿ ದರ ನೋಡಿ ನಗರದ ಬೀದಿಗಳನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿದ್ದಾರೆ. ಎ ದುಬಾರಿ, ಎಫ್ ಅಗ್ಗ. 2016ರಲ್ಲಿ ದರ ಏರಿಸಿದರು, ವಾಸಕ್ಕೆ ಶೇ 20, ವಾಸೇತರಕ್ಕೆ ಶೇ 25. ಅದೇ ಹೊತ್ತಿಗೆ ಎಷ್ಟೋ ಬೀದಿಗಳ ವಲಯವೂ ಬದಲಾಯಿತು. ಸಾವಿರಾರು ಜನ ಹಳೆ ವಲಯವನ್ನೇ ತೋರಿಸಿ ಕಟ್ಟುತ್ತಾ ಹೋದರು. ವರ್ಷಗಳ ಮೇಲೆ ಬಡ್ಡಿ ಸಮೇತ ನೋಟಿಸು ಬಂದಾಗ ದೊಡ್ಡ ಗಲಾಟೆ ಆಯಿತು. ನಿಮ್ಮ ಬೀದಿ ಯಾವ ವಲಯ ಅಂತ ಬೀದಿ ಹೆಸರಿನ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ಮೂಲೆ ಸೈಟಾಗಿದ್ದರೆ ಇನ್ನೂ ಹುಷಾರಾಗಿರಿ. ವಿಳಾಸ ಅಡ್ಡರಸ್ತೆಯದ್ದು ಇದ್ದು, ಲೆಕ್ಕ ಮುಖ್ಯರಸ್ತೆಯ ವಲಯದಲ್ಲಿ ಹಾಕಿರುವ ನೋಟಿಸುಗಳನ್ನು ನಾನೇ ಕಂಡಿದ್ದೇನೆ.

ಅಂದ ಹಾಗೆ, ಇದೆಲ್ಲ ಬೆಂಗಳೂರಿನ ಮಾತು. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನಂಥ ಊರುಗಳಲ್ಲಿ ಬಂಡವಾಳ ಮೌಲ್ಯದ ಪದ್ಧತಿ. ಅಲ್ಲಿ ಜಾಗದ ಮತ್ತು ಕಟ್ಟಡದ ಮಾರ್ಗಸೂಚಿ ಬೆಲೆಯ ಒಂದು ಭಾಗವನ್ನು ಹಿಡಿದು ತೆರಿಗೆ ಹಾಕುತ್ತಾರೆ. ಮಾರ್ಗಸೂಚಿ ದರ ಏರಿದರೆ ಕಂದಾಯವೂ ಏರುತ್ತದೆ. ಅಲ್ಲೂ ವಾಸ, ವಾಣಿಜ್ಯ, ಖಾಲಿ ನಿವೇಶನ ಅನ್ನುವ ವರ್ಗಗಳು ಇದ್ದೇ ಇವೆ. ಮುಂಬೈ 2010ರಿಂದ ಇಂಥದೇ ಪದ್ಧತಿಗೆ ಹೋಯಿತು. ದೆಹಲಿ ಮಾತ್ರ 2004ರಿಂದ ನಮ್ಮ ಹಾಗೇ ಯೂನಿಟ್ ಏರಿಯಾ, ಅಲ್ಲಿ ಎ ಇಂದ ಎಚ್‌ವರೆಗೆ ಎಂಟು ವರ್ಗ.

ಈಗ ನಿಮ್ಮ ನೋಟಿಸಿಗೆ ಬರೋಣ. ಶಟರ್ ಒಳಗೆ ಟೈಲರ್ ಇದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ, ಪಕ್ಕದ ಮನೆಯವರ ಮೇಲೆ ಅನುಮಾನವನ್ನೂ ಪಡಬೇಡಿ. ಹೊಲಿಗೆ ಮಷಿನ್‌ಗೆ ಅಂತ ಟೈಲರ್ ಬೇರೆ ಕರೆಂಟ್ ಮೀಟರ್ ಹಾಕಿಸಿಕೊಂಡಿದ್ದಾರಾ ನೋಡಿ. ವಿದ್ಯುತ್ ಕಂಪನಿ ಬೆಸ್ಕಾಂ ಪಟ್ಟಿಯಲ್ಲಿ ವಾಣಿಜ್ಯ ಮೀಟರ್ ಇರುವ ವಿಳಾಸ ಮತ್ತು ‘ವಾಸ’ ಅಂತ ಕಂದಾಯ ಕಟ್ಟುವ ವಿಳಾಸ, ಎರಡನ್ನೂ ಹೋಲಿಸಿ ನೋಡುವ ಕೆಲಸ ಕೆಲವು ವರ್ಷಗಳಿಂದ ನಡೆದಿದೆ. ನನ್ನ ಮಟ್ಟಿಗೆ ಈಚಿನ ನೋಟಿಸುಗಳ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ.

ನೋಟಿಸನ್ನು ಕೈಯಲ್ಲಿ ಹಿಡಿದು ನಾಲ್ಕು ಅಂಕಣ ನೋಡಿ: ಅಳತೆ, ಬಳಕೆ, ವಲಯ, ಯಾವ ವರ್ಷದಿಂದ. ನನ್ನ ಅನುಭವದಲ್ಲಿ ಜಾಸ್ತಿ ತಪ್ಪಾಗುವುದು ಕೊನೆಯದರಲ್ಲಿ. ನಿಮ್ಮ ಅಂಗಡಿ ಶುರುವಾಗಿ ನಾಲ್ಕೇ ವರ್ಷ. ಅದಕ್ಕಿಂತ ಹಿಂದಿನಿಂದ ಲೆಕ್ಕ ಹಾಕಿದ್ದರೆ ಆಕ್ಷೇಪಣೆ ಬರೆಯಲೇಬೇಕು. ಸಾಕ್ಷಿ ಏನು ಕೊಡುತ್ತೀರಿ? ಟೈಲರ್ ಜೊತೆಗಿನ ಬಾಡಿಗೆ ಕರಾರು ಪತ್ರ, ಮೀಟರ್ ಹಾಕಿಸಿದ ದಿನದ ಕಾಗದ, ಶಟರ್ ಮಾಡಿಸಿದ ಬಿಲ್ಲು. ಬಾಯಿ ಮಾತಿನ ಬಾಡಿಗೆ ಆಗಿದ್ದರೆ ಮೀಟರ್ ಕಾಗದವೇ ನಿಮ್ಮ ಪಾಲಿನ ದೇವರು. ಹಾಗೆಯೇ ಕೆಳಮಹಡಿ ಪೂರ್ತಿ ‘ವಾಸೇತರ’ ಅಂತ ಹಾಕಿದ್ದರೆ, ಅಂಗಡಿಯ ಭಾಗ ಎಷ್ಟು, ಮೆಟ್ಟಿಲು ಮತ್ತು ಸಂಪಿನ ಜಾಗ ಎಷ್ಟು ಅಂತ ಅಳತೆ ಬರೆದ ಒಂದು ಚಿತ್ರ ಕೊಡಿ. ಎಂಜಿನಿಯರ್ ಸಹಿ ಇದ್ದರೆ ಒಳ್ಳೆಯದು. ಆಕ್ಷೇಪಣೆಯನ್ನು ನೋಟಿಸಿನಲ್ಲಿ ಹೇಳಿದ ಗಡುವಿನ ಒಳಗೆ, ಬರಹದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ‘ಸಾಹೇಬರಿಗೆ ಹೇಳಿದೀನಿ, ನೋಡ್ಕೋತಾರೆ’ ಅನ್ನುವ ಮಧ್ಯವರ್ತಿಯ ಮಾತಿಗೆ ಕಾಗದದ ಬೆಲೆ ಇಲ್ಲ.

ಬಾಡಿಗೆ ಮಹಡಿಯ ವಿಷಯದಲ್ಲಿ ವಾದ ಮಾಡಲು ಹೋಗಬೇಡಿ. ಸ್ವಂತ ವಾಸಕ್ಕೆ ಬಾಡಿಗೆ ಮನೆಯ ಅರ್ಧ ದರ ಅನ್ನುವುದು ನಿಯಮದಲ್ಲಿ ಸ್ಪಷ್ಟ ಇದೆ, ನೀವು ಅಲ್ಲಿ ಇಲ್ಲ. ಅದನ್ನು ಒಪ್ಪಿಕೊಂಡರೆ ಉಳಿದ ಆಕ್ಷೇಪಣೆಗೆ ತೂಕ ಬರುತ್ತದೆ. ಎಲ್ಲವನ್ನೂ ಅಲ್ಲಗಳೆಯುವವರ ಕಾಗದವನ್ನು ಎಆರ್‌ಓ (ಸಹಾಯಕ ಕಂದಾಯ ಅಧಿಕಾರಿ) ಕಚೇರಿಯಲ್ಲಿ ಯಾರೂ ಕೊನೆಯವರೆಗೆ ಓದುವುದಿಲ್ಲ.

ದಂಡದ ಬಗ್ಗೆ. ಘೋಷಣೆ ತಪ್ಪಿದ್ದರೆ, ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಅಂತ ಮೊದಲು ಇತ್ತು. ಬಡ್ಡಿ ಬೇರೆ. 2024ರ ತಿದ್ದುಪಡಿಯಲ್ಲಿ ದಂಡವನ್ನು ಒಂದು ಪಟ್ಟಿಗೆ ಇಳಿಸಿದರು. ನಿಮ್ಮ ನೋಟಿಸಿನಲ್ಲಿ ಇನ್ನೂ ಎರಡು ಪಟ್ಟು ಹಾಕಿದ್ದರೆ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ಹಳೆ ಬಾಕಿಗೆ ರಿಯಾಯಿತಿ ಕೊಡುವ ಒಂದು ಬಾರಿ ಇತ್ಯರ್ಥ ಯೋಜನೆ 2024ರ ನವೆಂಬರ್ ಕೊನೆಗೆ ಮುಗಿಯಿತು. ಮತ್ತೆ ಬರುತ್ತದೆ ಅಂತ ಕಾದು ಕೂರಬೇಡಿ. ಬಡ್ಡಿ ನಿಮ್ಮ ಜೊತೆ ಕಾಯುತ್ತಾ ಕೂರುವುದಿಲ್ಲ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರು ನಿಲ್ಲಿಸಲು ಅಂತ ನಕ್ಷೆಯಲ್ಲಿ ತೋರಿಸಿದ ಜಾಗವನ್ನು ಅಂಗಡಿ ಮಾಡಿದ್ದೀರಿ. ಇದು ತೆರಿಗೆಯ ಪ್ರಶ್ನೆ ಅಲ್ಲ, ನಕ್ಷೆ ಉಲ್ಲಂಘನೆಯ ಪ್ರಶ್ನೆ. ಅಂಗಡಿಗೆ ತೆರಿಗೆ ಕಟ್ಟಿಸಿಕೊಂಡರು ಅಂದ ಮಾತ್ರಕ್ಕೆ ಅಂಗಡಿ ಸಕ್ರಮ ಆಗುವುದಿಲ್ಲ. ಕಂದಾಯದ ರಸೀದಿ ಮಾಲೀಕತ್ವದ ಪತ್ರವೂ ಅಲ್ಲ, ಕಟ್ಟಡದ ಪರವಾನಗಿಯೂ ಅಲ್ಲ. ‘ವಾಣಿಜ್ಯ ಅಂತ ಕಟ್ಟಿದೀನಲ್ಲ ಸಾರ್’ ಅಂತ ಅದನ್ನು ಹಿಡಿದುಕೊಂಡು ನಗರ ಯೋಜನೆ ವಿಭಾಗಕ್ಕೆ ಹೋದವರನ್ನು ಕಂಡಿದ್ದೇನೆ. ತಮ್ಮ ಕೈಯಾರೆ ತಪ್ಪೊಪ್ಪಿಗೆ ಕೊಟ್ಟು ಬಂದಿದ್ದರು.

2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಗಿವೆ. ಹಾಗಾಗಿ ಹೋಗುವ ಮೊದಲು ನಿಮ್ಮ ವಾರ್ಡು ಈಗ ಯಾವ ಪಾಲಿಕೆಗೆ ಸೇರಿದೆ ಅಂತ ನೋಡಿಕೊಳ್ಳಿ, ಸುಮ್ನೆ ಒಂದು ದಿನ ವ್ಯರ್ಥ ಆಗದಿರಲಿ. ಹೋದಾಗ ಹಳೆ ರಸೀದಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಮುಂದಿನ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಇರುವಾಗಲೇ ಫಾರಂ 5 ತುಂಬಿ. ಟೈಲರ್ ಯಾವತ್ತಾದರೂ ಬಿಟ್ಟುಹೋಗಿ, ನೀವು ಶಟರ್ ತೆಗೆಸಿ ಮತ್ತೆ ಕಾರು ನಿಲ್ಲಿಸಿದರೆ, ಆ ವರ್ಷವೂ ಫಾರಂ 5ನ್ನೇ ತುಂಬಬೇಕು. ಇಲ್ಲದಿದ್ದರೆ ಖಾಲಿ ಗ್ಯಾರೇಜಿಗೆ ಅಂಗಡಿ ದರ ಕಟ್ಟುತ್ತಾ ಇರುತ್ತೀರಿ. ಆಗ ಯಾವ ನೋಟಿಸೂ ಬರುವುದಿಲ್ಲ.